ಟೋಪಿ ಡಬ್ಬಿಯ ನಾಲ್ಕನೆಯ ಮಗು

ಗಲ್ಫಿಗೆ ಬಂದವರ ಮನೆಯಲ್ಲಿ ದೇವರ ಪಟ ಇಲ್ಲದೆ ಇದ್ದೀತು, ಫೈಲು ಇಲ್ಲದೆ ಇರದು. ನಮ್ಮದು ಹಸಿರು ಬಣ್ಣದ ದಪ್ಪ ಫೈಲು. ಕಪಾಟಿನಲ್ಲಿ ಹೆಂಡತಿ ಹಿಲ್ಡಾಳ ಸೀರೆಗಳ ಕೆಳಗೆ ಮಲಗಿರುತ್ತದೆ. ಪಾಸ್‌ಪೋರ್ಟುಗಳ ನಕಲು, ಮದುವೆಯ ಸರ್ಟಿಫಿಕೇಟು, ಅದರ ಬೆನ್ನಿಗೆ ಬೆಂಗಳೂರಿನಿಂದ ಅಬುಧಾಬಿಯವರೆಗೆ ಬಿದ್ದ ಮುದ್ರೆಗಳು, ಮಗಳು ರಿಯಾಳ ಚುಚ್ಚುಮದ್ದಿನ ಕಾರ್ಡು, ಎಲ್ಲವೂ ಅದರಲ್ಲಿ. ಮೊನ್ನೆ ರಿಯಾಳ ಹುಟ್ಟಿದ ಸರ್ಟಿಫಿಕೇಟು ಬೇಕೆಂದು ಅದನ್ನು ಹೊರಗೆಳೆದೆ. ಬೇಕಾದದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಕ್ಕಿತು. ಹಾಗೆ ಸಿಕ್ಕಿದ್ದರಲ್ಲಿ ಒಂದು ಲ್ಯಾಮಿನೇಟ್ ಮಾಡಿದ ಹಾಳೆ.

ಅದು ನಮ್ಮ ಮನೆಯದಲ್ಲ, ನಮ್ಮ ಊರಿನದೂ ಅಲ್ಲ. ಸ್ಕಾಟ್ಲೆಂಡಿನಿಂದ ನ್ಯೂಜಿಲೆಂಡಿಗೆ ವಲಸೆ ಹೋದ ಮೀನುಗಾರನೊಬ್ಬನ ವಂಶಾವಳಿ. ಆದರೆ ಆ ಹಾಳೆಯ ಅಡಿಯಲ್ಲಿ ಒಂದು ಸಾಲಿದೆ, ಆ ಸಾಲಿನಲ್ಲಿ ನನ್ನ ಹೆಸರಿದೆ! ಮಂಗಳೂರಿನ ಕಡೆಯ ಒಬ್ಬ ವಿನ್ಸೆಂಟ್ ಅಲ್ಲಿಗೆ ಹೇಗೆ ಹೋಗಿ ಕುಳಿತ ಎಂದು ನೀವು ಕೇಳಬೇಕು. ನೀವು ಕೇಳದಿದ್ದರೂ ನಾನು ಹೇಳುವವನೇ. ಹಾಳೆಯನ್ನು ಹಿಡಿದು ಮಂಚದ ತುದಿಯಲ್ಲಿ ಕುಳಿತವನು ಸರ್ಟಿಫಿಕೇಟನ್ನು ಮರೆತೇಬಿಟ್ಟೆ.

ಈಗ ನಾವು ದುಬೈಯ ಸಿಲಿಕಾನ್ ಓಯಸಿಸ್‌ನಲ್ಲಿದ್ದೇವೆ. ಆಗ ಇದ್ದದ್ದು ಅಲ್ ಬರ್ಷಾದಲ್ಲಿ. ಮೆಟ್ರೋ ಬಂದು ನಾಲ್ಕೈದು ವರ್ಷವಾಗಿತ್ತು. ಕಚೇರಿಗೆ ನಡೆದೇ ಹೋಗಬಹುದಾಗಿತ್ತು, ಬೇಸಿಗೆಯಲ್ಲಿ ನಡೆದು ಬದುಕಿ ತಲುಪಿದರೆ. ಕಟ್ಟಡಗಳ ವಿನ್ಯಾಸ ಮಾಡುವ ಕಂಪನಿಯಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಊರಿನಲ್ಲಿ ಈ ಕೆಲಸದ ಹೆಸರು ಹೇಳಿದರೆ ನನ್ನ ಕೈಕೆಳಗೆ ನೂರು ಜನ ಇದ್ದಾರೆಂದು ತಿಳಿಯುತ್ತಾರೆ. ನನ್ನ ಕೈಕೆಳಗೆ ಇರುವುದು ಕಾಗದ. ಬಂದ ಡ್ರಾಯಿಂಗಿಗೆ, ಹೋದ ಪತ್ರಕ್ಕೆ ನಂಬರು ಹಾಕಿ, ಯಾವುದು ಹಳೆಯದು, ಯಾವುದು ತಿದ್ದಿದ್ದು ಎಂದು ಲೆಕ್ಕ ಇಡುವುದು. ಹದಿನೇಳು ವರ್ಷದಲ್ಲಿ ನನ್ನ ಕೈಯಿಂದ ಒಂದು ನಂಬರು ತಪ್ಪಿದ್ದಿಲ್ಲ. ಇದನ್ನು ನಾನು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳುತ್ತಿದ್ದೆ. ಹೇಳಿ ಹೇಳಿ ಹಿಲ್ಡಾಳಿಗೆ ಬಾಯಿಪಾಠ ಆಗಿತ್ತು.

ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಮಿಸ್ಟರ್ ರಸೆಲ್. ನ್ಯೂಜಿಲೆಂಡಿನವರು, ಅರುವತ್ತರ ಹತ್ತಿರ, ಕಡಿಮೆ ಮಾತಿನ ಮನುಷ್ಯ. ಒಮ್ಮೆ ರಜೆ ಮುಗಿಸಿ ಬಂದವರು ನನ್ನ ಮೇಜಿನ ಮೇಲೆ ಒಂದು ಗುಂಡಗಿನ ರಟ್ಟಿನ ಡಬ್ಬಿ ಇಟ್ಟರು. ಹೆಂಗಸರು ಟೋಪಿ ಇಡುವ ಡಬ್ಬಿ. ಅವರ ಚಿಕ್ಕಮ್ಮ ಜೀನ್ ಅವರದು, ವಯಸ್ಸು ತೊಂಬತ್ತೊಂದು, ತಾಯಿ ಬೇಗ ಹೋದ ಮೇಲೆ ರಸೆಲ್‌ರನ್ನು ಸಾಕಿದವರು.

“ವಿನ್ಸೆಂಟ್, ನಿನ್ನ ಸ್ಕ್ಯಾನರ್ ಬೇಕಿತ್ತು. ಆಂಟಿ ಮನೆತನದ ಚರಿತ್ರೆ ಬರೆಯುತ್ತಿದ್ದಾರೆ. ತಾನು ಹೋದ ಮೇಲೆ ಈ ಕಾಗದಗಳನ್ನು ಯಾರೂ ಇಟ್ಟುಕೊಳ್ಳುವುದಿಲ್ಲ ಎಂದು ಅವರಿಗೆ ಭಯ.”

“ನಂಬರು ಹಾಕಿ ಕೊಡ್ತೇನೆ ಸರ್,” ಎಂದೆ. ಅವರಿಗೆ ನಗು ಬಂತು. ನಾನು ತಮಾಷೆ ಮಾಡಿದ್ದಲ್ಲ.

ಸ್ಕ್ಯಾನ್ ಮಾಡುವವನು ಓದಬಾರದು ಎಂಬ ನಿಯಮ ಎಲ್ಲಿಯೂ ಇಲ್ಲ. ನಾನು ಓದಿದೆ. ಒಂದು ಪತ್ರ, ಎರಡು ಪತ್ರ, ಆಮೇಲೆ ಟೀ ಕುಡಿಯಲೂ ಏಳಲಿಲ್ಲ!

ಅದರಲ್ಲಿದ್ದ ಕಾಗದಗಳು ಎಂಥವು ಗೊತ್ತೆ? ಮಿಸ್ಟರ್ ರಸೆಲ್‌ರ ಮನೆತನದವರು ಬ್ರದರನ್ ಎಂಬ ಕ್ರೈಸ್ತ ಸಭೆಯವರು. ಅವರಲ್ಲಿ ಪಾದ್ರಿ ಇಲ್ಲ, ಪೀಠ ಇಲ್ಲ, ಹಾರ್ಮೋನಿಯಂ ಸಹ ಇಲ್ಲ. ಒಂದು ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ, ಒಂದು ರೊಟ್ಟಿ, ಒಂದು ಪಾತ್ರೆ ದ್ರಾಕ್ಷಾರಸ. ಹೆಂಗಸರ ತಲೆಯ ಮೇಲೆ ಟೋಪಿ. ಸುಮ್ಮನೆ ಕುಳಿತಿರುತ್ತಾರೆ. ಯಾವನೋ ಒಬ್ಬ ಸಹೋದರನಿಗೆ ಒಳಗಿನಿಂದ ಪ್ರೇರಣೆ ಆದರೆ ಎದ್ದು ಒಂದು ಕೀರ್ತನೆಯ ಸಂಖ್ಯೆ ಹೇಳುತ್ತಾನೆ. ನಮ್ಮ ಇಗರ್ಜಿಯಲ್ಲಿ ಹೀಗೆ ಪ್ರೇರಣೆಗೆ ಬಿಟ್ಟರೆ ಹಾಡುವ ಕಾಯರಿನವರ ಜಗಳದಲ್ಲಿ ಪೂಜೆಯೇ ನಡೆಯಲಿಕ್ಕಿಲ್ಲ.

ಈ ಸಭೆಯವನು ಒಂದೂರು ಬಿಟ್ಟು ಇನ್ನೊಂದೂರಿಗೆ ಹೋಗುವಾಗ ಸುಮ್ಮನೆ ಹೋಗುವ ಹಾಗಿಲ್ಲ. ಇಲ್ಲಿನ ಹಿರಿಯರು ಅಲ್ಲಿನವರಿಗೆ ಅವನ ನಡತೆಯನ್ನು ಇದ್ದದ್ದು ಇದ್ದ ಹಾಗೆ ತಿಳಿಸಿ ಒಂದು ಶಿಫಾರಸು ಪತ್ರ ಬರೆದು ಕೊಡುತ್ತಾರೆ. ‘ಇವರು ನಮ್ಮ ನಡುವೆ ಒಳ್ಳೆಯ ರೀತಿಯಲ್ಲಿ ನಡೆದುಕೊಂಡವರು, ನಿಮ್ಮ ಮೇಜಿಗೆ ಸೇರಿಸಿಕೊಳ್ಳಿ’ ಎಂದು. ಭಾನುವಾರ ಅದನ್ನು ಎಲ್ಲರೆದುರು ಓದಿ ಹೇಳಬೇಕು. ಓದಿದೊಡನೆ ನನಗೆ ರೋಮಾಂಚನವಾಯಿತು. ಇದು ನಮ್ಮ ಎನ್‌ಓಸಿ ಅಲ್ಲವೆ! ಹಳೆಯ ಕಂಪನಿಯ ಎನ್‌ಓಸಿ ಇಲ್ಲದೆ ಹೊಸ ವೀಸಾ ಮಾಫಿ, ಅಂದರೆ ಇಲ್ಲ, ಖಲಾಸ್ ಎಂದು ಒಂದು ಕಾಲದಲ್ಲಿ ನಾನು ವೀಸಾ ಅರ್ಜಿ ತುಂಬುವ ಟೈಪಿಂಗ್ ಸೆಂಟರಿನ ಬಾಗಿಲಲ್ಲಿ ಅಳುವಂತಾದವನು. ಸ್ಕಾಟ್ಲೆಂಡಿನ ಬೆಸ್ತರೂ ಅದನ್ನೇ ಕಿಸೆಯಲ್ಲಿಟ್ಟುಕೊಂಡು ಹಡಗು ಹತ್ತಿದ್ದರು.

ಹಡಗು ಹತ್ತಿದವನು ಜೇಮ್ಸ್, ಜೀನ್ ಅವರ ಅಜ್ಜ. ಬಲೆ ಒಣಗಿಸುವ ಅಟ್ಟದ ಮೇಲೆ ಸಭೆ ಸೇರುತ್ತಿದ್ದ ಹತ್ತು ಹದಿನೈದು ಮನೆಯವರಲ್ಲಿ ಒಬ್ಬ. ಹೆಂಡತಿ ಮಾರ್ಗರೆಟ್. ನ್ಯೂಜಿಲೆಂಡಿನಲ್ಲಿ ಇಳಿದು ಉಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ ಮತ್ತೆ ಸಭೆ ಕಟ್ಟಿದರು. ಹಿರಿ ಮಗ ಅಲೆಕ್ಸಾಂಡರ್ ಡೇರೆ ಹಾಕಿಕೊಂಡು ಊರೂರು ಬೋಧನೆಗೆ ಹೋದ. ಎರಡನೆಯವನು ವಿಲಿಯಂ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟ, ಇಸ್ಪೀಟೆಲೆ ಮಾತ್ರ ಮಾರಲಿಲ್ಲ. ಮಗಳು ಹೆಲೆನ್, ಅಂದರೆ ಜೀನ್ ಅವರ ತಾಯಿ. ಒಂದು ಭಾನುವಾರ ಅಪರಿಚಿತ ಯುವಕನೊಬ್ಬ ಶಿಫಾರಸು ಪತ್ರ ಹಿಡಿದು ಸಭೆಗೆ ಬಂದ. ಅವನ ನಡತೆ ಎಂಥದ್ದೆಂದು ಹಿರಿಯರು ಗಟ್ಟಿಯಾಗಿ ಓದಿದರು, ಟೋಪಿಯ ಅಂಚಿನ ಕೆಳಗಿನಿಂದ ಹೆಲೆನ್ ಕೇಳಿಸಿಕೊಂಡಳು. ಅವನನ್ನೇ ಮದುವೆಯಾದಳು. ಜಾತಕ ಯಾಕೆ ಬೇಕು ಹೇಳಿ!

ಹೀಗೆ ಓದುತ್ತ ನನ್ನ ಕಸುಬಿನ ಕಣ್ಣಿಗೆ ಒಂದು ತಪ್ಪು ಬಿತ್ತು. ಸ್ಕಾಟ್ಲೆಂಡಿನ ಹಿರಿಯರು ಕೊಟ್ಟ ಪತ್ರದಲ್ಲಿ ‘ಸಹೋದರ ಜೇಮ್ಸ್, ಸಹೋದರಿ ಮಾರ್ಗರೆಟ್ ಮತ್ತು ಅವರ ನಾಲ್ವರು ಮಕ್ಕಳು’ ಎಂದಿತ್ತು. ನ್ಯೂಜಿಲೆಂಡಿನ ಬಂದರು ಪಟ್ಟಣದವರು ಒಳನಾಡಿನ ಸಭೆಗೆ ಬರೆದ ಎರಡನೆಯ ಪತ್ರದಲ್ಲಿ ‘ಮೂವರು ಮಕ್ಕಳು’. ಒಂದು ಮಗು ಎಲ್ಲಿ? ಎರಡೂ ಪತ್ರಗಳನ್ನು ಹಿಡಿದು ಮಿಸ್ಟರ್ ರಸೆಲ್‌ರ ಕ್ಯಾಬಿನ್ನಿಗೆ ಓಡಿದೆ.

“ಗೊತ್ತು,” ಎಂದರು ಅವರು ತಣ್ಣಗೆ. “ಆಂಟಿಗೆ ನಲವತ್ತು ವರ್ಷದಿಂದ ಇದೇ ಚಿಂತೆ.”

ಮಗು ಹಡಗಿನಲ್ಲಿ ಹೋಯಿತೋ, ಬಂದರಿನಲ್ಲಿ ಜ್ವರ ಬಂದು ಹೋಯಿತೋ ಗೊತ್ತಿಲ್ಲ. ಮಾರ್ಗರೆಟ್ ಅಜ್ಜಿ ಅದರ ಮಾತನ್ನೇ ಎತ್ತುತ್ತಿರಲಿಲ್ಲ. ಗಂಡೋ ಹೆಣ್ಣೋ ಎಂಬುದೂ ತಿಳಿಯದು. ತಾಯಿ ತೀರಿಕೊಂಡ ಮೇಲೆ ಜೀನ್ ಡಬ್ಬಿ ತೆರೆದಾಗಲೇ ಹೀಗೊಂದು ಮಗು ಇತ್ತೆಂದು ಗೊತ್ತಾದದ್ದು.

“ಈಗ ಅವರಿಗೆ ಅವಸರ ಶುರುವಾಗಿದೆ,” ಎಂದರು ರಸೆಲ್. “ಇನ್ನೇನು ತಾನೂ ಪರಲೋಕಕ್ಕೆ ಹೋಗುವವಳು, ಎಲ್ಲರೂ ಎದುರುಗೊಳ್ಳಲು ಬರುತ್ತಾರೆ, ಆ ಮಗುವೂ ಬರುತ್ತದೆ, ಆಗ ಹೆಸರು ಗೊತ್ತಿಲ್ಲದೆ ಬೆಪ್ಪಾಗಿ ನಿಲ್ಲಲೇ ಎಂದು ಕೇಳುತ್ತಾರೆ. ನಾನು ಇಪ್ಪತ್ತನೆಯ ವಯಸ್ಸಿಗೇ ಸಭೆ ಬಿಟ್ಟವನು, ವಿನ್ಸೆಂಟ್. ನನಗೆ ಉತ್ತರ ಹೇಳಲು ಬರುವುದಿಲ್ಲ.”

ನಾನು ತಕ್ಷಣ ಸಲಹೆ ಕೊಟ್ಟೆ. “ಬಹಳ ಸುಲಭ ಸರ್. ಆ ಊರಿನ ಇಗರ್ಜಿಯ ಪಾದ್ರಿಗೆ ಒಂದು ಪತ್ರ ಬರೆಯಿರಿ. ಜ್ಞಾನಸ್ನಾನದ ಪುಸ್ತಕದಲ್ಲಿ ಹೆಸರು ಇದ್ದೇ ಇರುತ್ತದೆ. ನನ್ನದೂ ಉಂಟು, ಅಟೆಸ್ಟ್ ಮಾಡಿಸಿದ್ದೇನೆ.”

“ಇವರು ಊರ ಇಗರ್ಜಿ ಬಿಟ್ಟು ಬಂದವರು. ಶಿಶುಗಳಿಗೆ ಜ್ಞಾನಸ್ನಾನ ಕೊಡುವುದಿಲ್ಲ. ದೊಡ್ಡವರಾಗಿ ತಾವೇ ನಂಬಿ ನೀರಿಗಿಳಿಯಬೇಕು.”

ಪುಸ್ತಕವೇ ಇಲ್ಲ! ಜನರು ಹೀಗೂ ಬದುಕುತ್ತಾರೆಯೇ ಎಂದು ನನಗೆ ದಿಗಿಲಾಯಿತು. ಸರಕಾರದ ಜನನ ಪುಸ್ತಕದ ನಕಲು ತರಿಸಿದ್ದರಂತೆ. ಅದರಿಂದಲೂ ಪ್ರಯೋಜನವಾಗಿರಲಿಲ್ಲ. ಆ ಹಳ್ಳಿಯಲ್ಲಿ ಇದ್ದದ್ದೇ ಮೂರು ಮನೆತನದ ಹೆಸರು. ಜೇಮ್ಸ್ ಮತ್ತು ಮಾರ್ಗರೆಟ್ ಎಂಬ ದಂಪತಿಗಳೇ ಐದಾರು ಜೋಡಿ. ಮುಂದೆ ಏನಾಯಿತೆಂದು ತಿಳಿಯದ ಮಕ್ಕಳು ಆ ಪುಸ್ತಕದಲ್ಲಿ ನಾಲ್ಕು: ಜೇಮ್ಸ್, ಇಸಬೆಲ್ಲಾ, ಎಲ್ಸ್‌ಪೆತ್, ಜಾನ್. ಇವರಲ್ಲಿ ನಮ್ಮದು ಯಾವುದು ಎನ್ನಲು ಯಾವ ಗುರುತೂ ಇಲ್ಲ.

ಇದು ನನಗೆ ಚೆನ್ನಾಗಿ ಅರ್ಥವಾಗುವ ಕಷ್ಟ. ನಮ್ಮ ಇಗರ್ಜಿಯಲ್ಲಿ ಒಂದು ಕಾಲಕ್ಕೆ ಒಂಬತ್ತು ಜನ ಜೋನ್ ಡಿಸೋಜರಿದ್ದರು. ಬೇಕರಿ ಜೋನ್, ಮೀಸೆ ಜೋನ್, ಗದ್ದೆಯ ಬದುವಿನ ಮೇಲೆ ಮನೆಯಿದ್ದ ಕಟ್ಟಪುಣಿ ಜೋನ್, ಹೀಗೆ ಕರೆದು ಬಚಾವಾಗುತ್ತಿದ್ದೆವು. ಒಮ್ಮೆ ಮೀಸೆ ಜೋನ್ ತೀರಿಕೊಂಡಾಗ ಹೊಸದಾಗಿ ಬಂದ ಪಾದ್ರಿ ಬರೀ ಜೋನ್ ಡಿಸೋಜ ಎಂದು ಸಾರಿದರು. ಬೇಕರಿ ಜೋನನ ಅಂಗಡಿಗೆ ಸಾಂತ್ವನ ಹೇಳಲು ಹೋದವರಿಗೆ ಅವನೇ ಬನ್ ಕೊಟ್ಟ. ಆ ಸ್ಕಾಟಿಷ್ ಹಳ್ಳಿಯಲ್ಲೂ ಅಡ್ಡ ಹೆಸರುಗಳಿದ್ದವಂತೆ. ಸರಕಾರದ ಗುಮಾಸ್ತ ಅದನ್ನು ಬರೆಯಲಿಲ್ಲ, ಪುಣ್ಯಾತ್ಮ.

ಅಲ್ಲಿಗೆ ಬಿಟ್ಟಿದ್ದರೆ ನಾನು ವಿನ್ಸೆಂಟ್ ಹೇಗಾಗುತ್ತಿದ್ದೆ? ಮಾರನೆಯ ದಿನ ಡಬ್ಬಿಯ ತಳದ ರಟ್ಟಿನಡಿ, ಯಾರ ಕಣ್ಣಿಗೂ ಬೀಳದೆ ಅಂಟಿಕೊಂಡಿದ್ದ ಒಂದು ಚೀಟಿ ಸಿಕ್ಕಿತು. ಜೇಮ್ಸನ ಕೈಬರಹ. ತನ್ನ ತಂದೆ ಅಲೆಕ್ಸಾಂಡರ್, ತಾಯಿ ಹೆಲೆನ್. ಹೆಂಡತಿಯ ತಂದೆ ವಿಲಿಯಂ, ತಾಯಿ ಎಲ್ಸ್‌ಪೆತ್. ಚೀಟಿಯನ್ನು ಸ್ಕ್ಯಾನರಿನ ಗಾಜಿನ ಮೇಲಿಟ್ಟವನು ಮುಚ್ಚಳ ಮುಚ್ಚದೆ ನಿಂತುಬಿಟ್ಟೆ. ಅಲೆಕ್ಸಾಂಡರ್, ವಿಲಿಯಂ, ಹೆಲೆನ್. ಮಕ್ಕಳ ಹೆಸರೂ ಅವೇ! ಅಯ್ಯೋ, ಇದು ನಮ್ಮ ಮನೆಯ ಕಟ್ಟಳೆ! ಹಿರಿ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನದು. ಹಿರಿ ಮಗಳಿಗೆ ಅಪ್ಪನ ಅಮ್ಮನ ಹೆಸರು, ಎರಡನೆಯವಳಿಗೆ ಅಮ್ಮನ ಅಮ್ಮನದು. ಕರಾವಳಿಯ ನಮ್ಮ ಕೊಂಕಣಿ ಕಿರಿಸ್ತಾನರಲ್ಲಿ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅಬುಧಾಬಿಯ ಖಲೀಫಾ ಸಿಟಿಯಲ್ಲಿರುವ ನನ್ನ ಅಕ್ಕ ಜುಲಿಯಾನ, ಅಪ್ಪನ ಅಮ್ಮ ಜುಲಿಯಾನಳ ಹೆಸರು ಹೊತ್ತು ತಿರುಗುತ್ತಿರುವ ಜೀವಂತ ಸಾಕ್ಷಿ.

ಕಟ್ಟಳೆಯ ಪ್ರಕಾರ ಹಿರಿ ಮಗ ಸರಿ, ಎರಡನೆಯ ಮಗ ಸರಿ, ಹಿರಿ ಮಗಳು ಸರಿ. ನಡುವೆ ಎಲ್ಲಿಯೂ ಖಾಲಿ ಇಲ್ಲ. ಅಂದ ಮೇಲೆ ಕಳೆದುಹೋದದ್ದು ಕೊನೆಯ ಕೂಸು. ಗಂಡಾದರೆ ಅಪ್ಪನ ಹೆಸರೇ ಬಾಕಿ, ಜೇಮ್ಸ್. ಹೆಣ್ಣಾದರೆ ಎಲ್ಸ್‌ಪೆತ್. ಜನನ ಪುಸ್ತಕ ನೋಡಿದೆ. ಹೆಲೆನ್ ಆದ ಮೇಲೆ ಹುಟ್ಟಿದ ಎಲ್ಸ್‌ಪೆತ್ ಇಲ್ಲ. ಜೇಮ್ಸ್ ಇದ್ದ! ಕಂಪ್ಯೂಟರ್ ಬಿಟ್ಟು ಎದ್ದು ನಿಂತು “ಯಲ್ಲಾ!” ಎಂದು ಅರಬ್ಬರ ಹಾಗೆ ಕೂಗಿದೆ. ಪಕ್ಕದ ಮೇಜಿನ ಡ್ರಾಫ್ಟ್ಸ್‌ಮನ್‌ನ ಚಹಾ ಡ್ರಾಯಿಂಗಿನ ಮೇಲೆ ಚೆಲ್ಲಿತು.

ಮಿಸ್ಟರ್ ರಸೆಲ್ ಹೇಳಿದರು, “ನೀನೇ ಆಂಟಿಗೆ ಹೇಳು. ನಾನು ಹೇಳಿದರೆ ಸಾವಿರ ಪ್ರಶ್ನೆ ಕೇಳುತ್ತಾರೆ, ನನಗೆ ಉತ್ತರ ಗೊತ್ತಿರುವುದಿಲ್ಲ.” ಶುಕ್ರವಾರ ಬೆಳಗ್ಗೆ ಅವರು ನಮ್ಮಲ್ಲಿಗೆ ಬರುವುದೆಂದಾಯಿತು. ನಮಗೆ ರಜೆ, ಅವರ ಆಂಟಿಗೆ ಆಗ ಸಂಜೆಯ ಚಹಾದ ಹೊತ್ತು.

ಹಿಲ್ಡಾ ಇಡ್ಲಿಯಂಥ ಸಾನ್ನ ಮತ್ತು ಕೋಳಿ ಸಾರು ಮಾಡಿದ್ದಳು. ಮಿಸ್ಟರ್ ರಸೆಲ್ ಏಳನೆಯ ಸಾನ್ನದಲ್ಲಿದ್ದರು. ಹಿಲ್ಡಾ ಅಡುಗೆಮನೆಯಿಂದ ನನ್ನನ್ನು ಕರೆದು ತಗ್ಗಿದ ದನಿಯಲ್ಲಿ ಹೇಳಿದಳು, “ಅಲ್ಲ ಮಾರಾಯ್ರೆ, ಅವರಲ್ಲಿಯೂ ನಮ್ಮ ಹಾಗೇ ಹೆಸರಿಡುದು ಅಂತ ನಿಮಗೆ ಎಂತ ಗ್ಯಾರಂಟಿ?”

“ಮೂರಕ್ಕೆ ಮೂರೂ ಸರಿ ಬಂತಲ್ಲ! ಇನ್ನೆಂತ ಬೇಕು? ಹದಿನೇಳು ವರ್ಷದಲ್ಲಿ...”

“ಗೊತ್ತುಂಟು, ಒಂದು ನಂಬರು ತಪ್ಪಲಿಲ್ಲ. ಅಷ್ಟು ದೊಡ್ಡ ಕಟ್ಟಳೆಯವರು ನಮ್ಮ ಮಗಳಿಗೆ ನಿಮ್ಮ ಅಮ್ಮನ ಹೆಸರು ಯಾಕೆ ಇಡ್ಲಿಲ್ಲ? ಕಾರ್ಮಿನ್ ಅಂತ ಇರಬೇಕಿತ್ತಲ್ಲ ಅವಳು? ರಿಯಾ ಅಂತ ಟೀವಿ ನೋಡಿ ಇಟ್ಟದ್ದು ಯಾರು?”

ಊಟದ ಮೇಜಿನಲ್ಲಿ ರಿಯಾ ಇಂಗ್ಲಿಷಿನಲ್ಲಿ, ಡ್ಯಾಡಿ, ಫೋನ್ ರಿಂಗ್ ಆಗ್ತಾ ಇದೆ ಎಂದು ಕೂಗಿದ್ದು ಒಳ್ಳೆಯದೇ ಆಯಿತು.

ಸ್ಪೀಕರಿನಲ್ಲಿ ಬಂದ ದನಿ ಸಣ್ಣದು, ಆದರೆ ಗಟ್ಟಿ. ಕುಶಲ ಪ್ರಶ್ನೆ ಮುಗಿದ ಮೇಲೆ, ಸ್ವಲ್ಪ ಹೊತ್ತಿನಲ್ಲಿ ನಾವು ಇಗರ್ಜಿಗೆ ಹೊರಡುತ್ತೇವೆಂದು ಬಾಯಿ ತಪ್ಪಿ ಹೇಳಿದೆ.

“ಇವತ್ತು ಶುಕ್ರವಾರ,” ಎಂದರು ಜೀನ್.

“ಹೌದು ಮೇಡಂ, ಇಲ್ಲಿ ಶುಕ್ರವಾರವೇ ರಜೆ. ಭಾನುವಾರದ ಪೂಜೆ ಶುಕ್ರವಾರ. ನಿಮ್ಮ ಸಭೆಯವರೂ ಇದ್ದಾರೆ, ಕೇರಳದವರು. ಅವರೂ ಶುಕ್ರವಾರವೇ ರೊಟ್ಟಿ ಮುರಿಯುವುದು.”

“ಶುಕ್ರವಾರ,” ಎಂದರು ಮತ್ತೊಮ್ಮೆ, ಯಾರೋ ಮನೆಯ ಮಾಡಿನ ಮೇಲೆ ಹಸು ಕಟ್ಟಿದ್ದಾರೆ ಎಂದು ಕೇಳಿದವರ ಹಾಗೆ. “ಇರಲಿ. ಪುಸ್ತಕ ತೆರೆದಿದೆ ಮಿಸ್ಟರ್ ವಿನ್ಸೆಂಟ್. ಪೆನ್ನು ಕೈಯಲ್ಲಿದೆ. ಪೆನ್ಸಿಲ್ ಅಲ್ಲ, ಪೆನ್ನು. ಹೆಸರು ಹೇಳಿ.”

“ಜೇಮ್ಸ್!” ಎಂದೆ.

“ಯಾಕೆ?”

ನಾನು ಚೀಟಿ ಓದಿ ಕಟ್ಟಳೆ ಹೇಳಿದೆ. ಅಕ್ಕ ಜುಲಿಯಾನಳ ಕಥೆ ಹೇಳಿದೆ. ಅಲೆಕ್ಸಾಂಡರ್ ಸರಿ, ವಿಲಿಯಂ ಸರಿ ಎಂದು ಬೆರಳು ಮಡಚಿದೆ, ಅವರಿಗೆ ಕಾಣುತ್ತದೋ ಎಂಬಂತೆ. “ಹಿರಿ ಮಗಳಿಗೆ ಅಪ್ಪನ ಅಮ್ಮನ ಹೆಸರು, ಹೆಲೆನ್. ಅದೂ ಸರಿ. ಆದ್ದರಿಂದ...”

“ಇಲ್ಲ,” ಎಂದರು ಜೀನ್.

“ಏನಿಲ್ಲ ಮೇಡಂ?”

“ಹಿರಿ ಮಗಳಿಗೆ ಅಮ್ಮನ ಅಮ್ಮನ ಹೆಸರು. ನಮ್ಮಲ್ಲಿ ಹಾಗೆ. ಮೊದಲ ಹುಡುಗಿ ತಾಯಿಯ ಕಡೆಗೆ ಸೇರಿದವಳು ಎಂದು ಅಜ್ಜಿ ಹೇಳುತ್ತಿದ್ದರು. ಎರಡನೆಯವಳಿಗೆ ಅಪ್ಪನ ಅಮ್ಮನದು.”

“ಅದು ಹೇಗಾಗುತ್ತದೆ ಮೇಡಂ? ಅಪ್ಪನ ಅಮ್ಮ ಮೊದಲು. ನಮ್ಮ ಊರಿಡೀ ಕೇಳಿ ಬೇಕಾದರೆ!”

“ಮಿಸ್ಟರ್ ವಿನ್ಸೆಂಟ್, ಅದು ನಿಮ್ಮ ಊರು. ನೀವು ಹೇಳುವುದು ತಪ್ಪು. ನಮ್ಮಲ್ಲಿ ಹೆಲೆನ್ ಎಂಬುದು ಎರಡನೆಯ...”

ಮಾತು ಅಲ್ಲಿಗೆ ನಿಂತಿತು. ಲೈನು ಕಡಿಯಿತೆಂದು ರಿಯಾ ಫೋನಿನತ್ತ ಕೈ ಚಾಚಿದಳು. ಮಿಸ್ಟರ್ ರಸೆಲ್ ಅವಳ ಕೈ ಹಿಡಿದು ತಡೆದರು.

“ನಮ್ಮಮ್ಮ ಹೆಲೆನ್,” ಎಂದರು ಜೀನ್, ಬಹಳ ನಿಧಾನವಾಗಿ. “ನಮ್ಮಮ್ಮ ಹಿರಿಯವಳಲ್ಲ. ಅವಳಿಗೊಬ್ಬ ಅಕ್ಕ ಇದ್ದಳು. ರಸೆಲ್, ಆ ಪುಸ್ತಕದಲ್ಲಿ ಎಲ್ಸ್‌ಪೆತ್ ಹುಟ್ಟಿದ್ದು ಯಾವಾಗ?”

ರಸೆಲ್‌ರ ಬೆರಳಿಗೆಲ್ಲ ಸಾರು. ಕಾಗದವನ್ನು ಹಿಲ್ಡಾಳೇ ಎತ್ತಿ ಅವರ ಕಣ್ಣೆದುರು ಹಿಡಿದಳು. ವಿಲಿಯಂ ಆದ ಮೇಲೆ, ಹೆಲೆನ್‌ಗಿಂತ ಎರಡು ವರ್ಷ ಮೊದಲು. ಆ ಖಾಲಿ ಜಾಗಕ್ಕೆ ಅಳತೆ ಮಾಡಿ ಹೊಲಿದ ಹಾಗಿತ್ತು. ನಾನು ಹೆಲೆನ್ ಆದ ಮೇಲಷ್ಟೇ ಹುಡುಕಿದ್ದೆ!

“ಎಲ್ಸ್‌ಪೆತ್,” ಎಂದರು ಜೀನ್. ಪೆನ್ನು ಕಾಗದದ ಮೇಲೆ ಸರಿದ ಸದ್ದು ನಮ್ಮ ಊಟದ ಮೇಜಿನವರೆಗೆ ಕೇಳಿಸಿತು, ಅಥವಾ ಕೇಳಿಸಿತೆಂದು ನಾನು ನಂಬಿದ್ದೇನೆ. “ಒಬ್ಬಳೇ ಮಗಳು ಎಂದು ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು. ಅಕ್ಕ ಇರಬೇಕಿತ್ತು ಎಂದು ಆಸೆಪಡುತ್ತಿದ್ದಳು. ಈಗ ಅವಳಿಗೆ ಗೊತ್ತಾಗಿರುತ್ತದೆ. ನನಗೆ ಹೇಳಿ ಕಳಿಸಲು ದಾರಿ ಇರಲಿಲ್ಲ, ಅಷ್ಟೆ.”

ಮಿಸ್ಟರ್ ರಸೆಲ್ ಎದ್ದು ಬಾಲ್ಕನಿಗೆ ಹೋದರು. ಹಿಲ್ಡಾ ಸೆರಗಿನಲ್ಲಿ ಕಣ್ಣೊರಸಿಕೊಂಡಳು. ನಾನೂ ಅತ್ತೆ. ನಾನು ಅತ್ತದ್ದು ಸಂತೋಷಕ್ಕೆ ಎಂದು ಹೇಳುತ್ತೇನೆ, ಅರ್ಧ ಅವಮಾನಕ್ಕೆ ಎಂದು ಹಿಲ್ಡಾ ಹೇಳುತ್ತಾಳೆ. ಎರಡೂ ಇರಬಹುದು. ಆದರೆ ಆ ಬೆಳಗ್ಗೆ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಂದು ಮಗು ಹುಟ್ಟಿದಷ್ಟು ಸಂಭ್ರಮವಾಗಿತ್ತು. ಪೂಜೆಗೆ ತಡವಾಗಿ ಹೋಗಿ ಹೊರಗಿನ ಬಿಸಿಲಿನಲ್ಲಿ ನಿಂತೆವು, ಅದೂ ಬೇಜಾರೆನಿಸಲಿಲ್ಲ.

ಹಿಲ್ಡಾ ಚುಚ್ಚಿದ ಮುಳ್ಳು ಮಾತ್ರ ಒಳಗೇ ಇತ್ತು. ಪೂಜೆ ಮುಗಿದೊಡನೆ ಅಲ್ಲಿಂದಲೇ ಮಂಗಳೂರಿಗೆ ಫೋನ್ ಮಾಡಿದೆ. “ಅಮ್ಮಾ, ರಿಯಾಳಿಗೆ ನಿಮ್ಮ ಹೆಸರು ಇಡಲಿಲ್ಲ ಅಂತ ನಿಮಗೆ ಬೇಜಾರು ಉಂಟಾ?”

“ಈಗ ಕೇಳುದಾ ನೀನು? ಹುಡುಗಿ ಹೈಸ್ಕೂಲಿಗೆ ಬಂದ ಮೇಲೆ?”

“ಇಲ್ಲ, ಕಟ್ಟಳೆ ಪ್ರಕಾರ...”

“ಕಟ್ಟಳೆ ನಿನ್ನ ತಲೆ! ನಮ್ಮ ಮನೆಯಲ್ಲಿ ನಾನು ನಾಲ್ಕನೇ ಕಾರ್ಮಿನ್. ಯಾರನ್ನು ಬೈದ್ರೂ ನಂಗೇ ಬೈದ ಹಾಗೆ ಆಗ್ತಿತ್ತು. ರಿಯಾ ಚೆಂದ ಉಂಟು. ಬಿಸಿಲಲ್ಲಿ ನಿಲ್ಬೇಡ, ಮನೆಗೆ ಹೋಗಿ ಉಣ್ಣು.”

ಮಿಸ್ಟರ್ ರಸೆಲ್ ಮರುವರ್ಷ ನಿವೃತ್ತರಾಗಿ ಹೋದರು. ಹೋಗಿ ಆರು ತಿಂಗಳಿಗೆ ಒಂದು ಲಕೋಟೆ ಬಂತು, ಜೊತೆಗೆ ಎರಡು ಸಾಲು: ‘ಆಂಟಿ ಜೀನ್ ಕಳೆದ ಭಾನುವಾರ ಹೋದರು. ಹಿಂದಿನ ದಿನ ಎಲ್ಲರ ಹೆಸರನ್ನೂ ಒಮ್ಮೆ ಹೇಳಿ ನೋಡಿಕೊಂಡರು, ಒಂದೂ ತಪ್ಪಲಿಲ್ಲ.’ ಲಕೋಟೆಯಲ್ಲಿದ್ದದ್ದು ಈ ಹಾಳೆ, ಅವರ ಪುಸ್ತಕದ ಒಂದು ಪುಟದ ನಕಲು. ಅಲೆಕ್ಸಾಂಡರ್, ವಿಲಿಯಂ, ಹೆಲೆನ್ ಎಂಬ ಹಳೆಯ ಅಕ್ಷರಗಳು. ವಿಲಿಯಂ ಮತ್ತು ಹೆಲೆನ್ ನಡುವೆ ಹೊಸ ಶಾಯಿಯಲ್ಲಿ ಎಲ್ಸ್‌ಪೆತ್.

ಅಡಿಯಲ್ಲಿ ಅಡಿಟಿಪ್ಪಣಿ. ಸಭೆಯವರು ಯಾರ ನಡತೆಯನ್ನಾದರೂ ಇದ್ದದ್ದು ಇದ್ದ ಹಾಗೆ ಬರೆದು ಕೊಡುವವರೆಂದು ನಿಮಗೆ ಮೊದಲೇ ಹೇಳಿದ್ದೇನೆ. ಹದಿನೇಳು ವರ್ಷ ಒಂದು ನಂಬರೂ ತಪ್ಪದ ನನಗೆ ಕಂಪನಿ ಒಂದು ಕಾಗದವನ್ನೂ ಕೊಟ್ಟಿಲ್ಲ. ನನ್ನ ಹೆಸರಿಗೆ ಜಗತ್ತಿನಲ್ಲಿ ಇರುವ ಏಕೈಕ ಶಿಫಾರಸು ಪತ್ರ ಇದೇ. ಸಾಲು ಹೀಗಿದೆ: ‘ಈ ಹೆಸರು ದೊರೆತದ್ದು ದುಬೈಯ ಮಿಸ್ಟರ್ ವಿನ್ಸೆಂಟ್ ಅವರಿಂದ. ಅವರು ಹೇಳಿದ್ದು ತಪ್ಪಾಗಿತ್ತು.’